ಅಮಾವಾಸ್ಯೆಗೆ ಬೆಳೆದ ತಂತಿಗಳು

ಈ ಕತೆಯನ್ನು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ ತಿಳಿಯದು. ತಿಳಿಯದೆಯೇ ಹೇಳಲು ಕೂತಿದ್ದೇನೆ, ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ನಾನು ವಿಜ್ಞಾನ ಓದಿದವಳಲ್ಲ. ಹಗಲು ಕೆಲಸ ಮಾಡಿ, ಸಂಜೆ ತರಗತಿಗಳಿಗೆ ಹೋಗಿ ಬಿ.ಎ. ಮುಗಿಸಿದವಳು. ಆ ತರಗತಿಗಳಲ್ಲೂ ಅರ್ಧ ಹೊತ್ತು ತೂಕಡಿಸಿದ್ದೇನೆ. ಈಗ ಶಹಾಬಾದಿನ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದೇನೆ. ಗಾಜಿನ ಸಾಮಾನು ತೊಳೆಯುವುದು, ಕುಲುಮೆ ಹಚ್ಚುವುದು, ಆರಿಸುವುದು ನನ್ನ ಕೆಲಸ. "ಇದನ್ನ ನೀವೇ ಬರೀರಿ ಮೇಡಂ" ಎಂದು ದಾನೇಶ್ವರಿ ಮೇಡಂಗೆ ಎಷ್ಟೋ ಸಲ ಹೇಳಿದೆ.

"ನಾ ಬರದ್ರ ಮೂರ ಮಂದಿ ಓದ್ತಾರ ಸುಮಂಗಲಾ. ಅದ್ರಾಗ ಇಬ್ಬರು ತಪ್ಪ ಹುಡಕಾಕ ಓದ್ತಾರ. ನೀನೇ ಬರಿ" ಎಂದರು.

ಹೀಗಾಗಿ ಬರೆಯುತ್ತಿದ್ದೇನೆ. ಇದರಲ್ಲಿ ವಿಜ್ಞಾನ ಸರಿ ಕಂಡರೆ ಅದು ಮೇಡಂ ಹೇಳಿಕೊಟ್ಟದ್ದು. ತಪ್ಪು ಕಂಡರೆ ನನಗೆ ತಲುಪುವಷ್ಟರಲ್ಲಿ ಕೆಟ್ಟದ್ದು.

ಮೇಡಂ ಸೇಡಂನವರು. ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುತ್ತಾರೆ, ಉಳಿದ ಹೊತ್ತಿನಲ್ಲಿ ತಂತಿ ಬೆಳೆಸುತ್ತಾರೆ. ತಾಮ್ರದ ತಗಡನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ತೆಳುವಾದ ಆಮ್ಲದಲ್ಲಿ ಅದ್ದಿ, ತೊಳೆದು ಒಣಗಿಸಿ, ಪಿಂಗಾಣಿಯ ಪುಟ್ಟ ದೋಣಿಯಲ್ಲಿಟ್ಟು ಕುಲುಮೆಯ ಕೊಳವೆಗೆ ಸೇರಿಸಬೇಕು. ಕೊಳವೆಯ ಎರಡೂ ಬಾಯಿ ತೆರೆದಿರುತ್ತವೆ, ಗಾಳಿ ಆಡಬೇಕು. ದಿನವಿಡೀ ಒಂದೇ ಕಾವಿನಲ್ಲಿ ಕಾದರೆ ತಾಮ್ರ ಗಾಳಿಯ ಆಮ್ಲಜನಕವನ್ನು ಹೀರಿ ಕಪ್ಪಗಾಗುತ್ತದೆ. ಆ ಕಪ್ಪು ಚರ್ಮದ ಮೇಲೆ ರೋಮ ನಿಮಿರಿದಂತೆ ತಂತಿಗಳು ಏಳುತ್ತವೆ. ಇವುಗಳನ್ನೇ ನ್ಯಾನೋ ತಂತಿ ಎನ್ನುತ್ತಾರೆ. ತಲೆಗೂದಲನ್ನು ಉದ್ದಕ್ಕೆ ಸಾವಿರ ಸೀಳು ಮಾಡಿದರೆ ಒಂದು ಸೀಳು ಎಷ್ಟಿದ್ದೀತೋ ಅಷ್ಟು ಸಣ್ಣವು. ನಾನು ಅವುಗಳನ್ನು ಹೈದರಾಬಾದಿನಿಂದ ಬಂದ ಫೋಟೋದಲ್ಲಿ ನೋಡಿದ್ದು ಬಿಟ್ಟರೆ ಕಣ್ಣಾರೆ ನೋಡಿಲ್ಲ, ಯಾರೂ ನೋಡಲಾರರು. ಕಣ್ಣಿಗೆ ಕಾಣುವುದು ಇಷ್ಟೇ: ಚೆನ್ನಾಗಿ ಬೆಳೆದ ಪಟ್ಟಿ ಮಖಮಲ್ ಬಟ್ಟೆಯಂತೆ ಮಂಕುಗಪ್ಪಾಗಿರುತ್ತದೆ. ಕೆಟ್ಟ ಪಟ್ಟಿ ಸುಟ್ಟ ಹಪ್ಪಳದಂತೆ ಸಿಪ್ಪೆಯೆದ್ದು ಉದುರುತ್ತದೆ.

ಈ ತಂತಿಗಳನ್ನು ಕೆರೆದು, ಸ್ಪಿರಿಟ್ಟಿನ ಹನಿಯಲ್ಲಿ ಕದಡಿ, ಉಗುರಿನಷ್ಟು ಬಿಲ್ಲೆಯ ಮೇಲಿನ ಎರಡು ಗೆರೆಗಳ ನಡುವೆ ಹರವಿದರೆ ಅದೊಂದು ಮೂಗಾಗುತ್ತದೆ. ಕೆಲವು ಬಗೆಯ ಗ್ಯಾಸು ತಾಗಿದಾಗ ತಂತಿಗಳಲ್ಲಿ ಕರೆಂಟು ಹರಿಯುವುದು ಕಷ್ಟವಾಗಿ, ಬಿಲ್ಲೆಯನ್ನು ಕೂರಿಸಿದ ಡಬ್ಬಿಯ ಮೇಲಿನ ಅಂಕಿ ಏರುತ್ತದೆ. ಮೇಡಂಗೆ ಬೇಕಾಗಿದ್ದುದು ತೊಗರಿ ಗೋದಾಮಿನ ಗ್ಯಾಸಿಗೆ ಏರುವ ಮೂಗು. ನಮ್ಮದು ತೊಗರಿಯ ಸೀಮೆ. ಹುಳ ಬೀಳದಿರಲೆಂದು ಕಂಪನಿಯವರು ಬಂದು ಚೀಲಗಳ ನಡುವೆ ಗುಳಿಗೆ ಇಟ್ಟು ಗೋದಾಮಿನ ಬಾಗಿಲಿಗೆ ಮಣ್ಣು ಮೆತ್ತಿ ಹೋಗುತ್ತಾರೆ. ಗುಳಿಗೆಯಿಂದ ಏಳುವ ಗ್ಯಾಸು ಹುಳ ಯಾವುದು, ಮನುಷ್ಯ ಯಾರು ಎಂದು ನೋಡುವುದಿಲ್ಲ.

ನನ್ನ ಅಪ್ಪ ಜಗದೇವಪ್ಪ ಚಿತ್ತಾಪುರದ ಒಂದು ದಾಲ್ ಮಿಲ್ಲಿನಲ್ಲಿ ಹಮಾಲರ ಮುಖ್ಯಸ್ಥ, ಮುಕಾದಮ. ಮತ್ತೆ ಕಂಪನಿಯವರನ್ನು ಕರೆಸುವುದು ಖರ್ಚೆಂದು, ಗೋದಾಮು ತೆರೆಯುವ ದಿನ ಮಣ್ಣು ಕೆದರಿ ಬಾಗಿಲ ಸಂದಿಗೆ ಮೂಗು ಹಚ್ಚಿ, ಗ್ಯಾಸು ಹೋಗಿದೆಯೋ ಇಲ್ಲವೋ ಹೇಳುವವನು ಅವನೇ. ಆ ಗ್ಯಾಸಿಗೆ ಬೆಳ್ಳುಳ್ಳಿಯ ಹಾಗೊಂದು ವಾಸನೆ ಇರುತ್ತದಂತೆ. ಅಪ್ಪ "ಆತು, ತೆಗೀರಿ" ಎಂದರೆ ತೆಗೆಯುತ್ತಾರೆ, "ಇನ್ನ ಅದ" ಎಂದರೆ ಮಿಲ್ಲಿನ ಸಾವಕಾರ ಗುರುಲಿಂಗಯ್ಯನವರೂ ಬಾಯಿ ಮುಚ್ಚಿಕೊಂಡು ಕಾಯುತ್ತಾರೆ. ವಾಡಿಯ ನಮ್ಮ ಓಣಿಯಲ್ಲಿ ಅಪ್ಪನನ್ನು ಮೂಗಿನ ಜಗದೇವಪ್ಪ ಎಂದೇ ಕರೆಯುವುದು.

ಆ ಜ್ವರದ ವರ್ಷ ಎಲ್ಲರಿಗೂ ಜ್ವರ ಬಂದಂತೆ ಅಪ್ಪನಿಗೂ ಬಂದು ಹೋಯಿತು. ಅಷ್ಟೇ ಎಂದುಕೊಂಡಿದ್ದೆವು. ಒಂದು ಮುಂಜಾನೆ ಅವ್ವ ಹಾಲು ಒಲೆಯ ಮೇಲಿಟ್ಟು ನಳಕ್ಕೆ ನೀರು ಬಂತೆಂದು ಓಡಿದಳು. ಹಾಲು ಉಕ್ಕಿ, ಬತ್ತಿ, ತಳ ಹೊತ್ತಿ ಬೀದಿಯವರೆಗೂ ಕಮಟು ಹಬ್ಬಿತು. ನಾನು ಸ್ನಾನದ ಮನೆಯಿಂದ ಓಡಿಬಂದು ನೋಡಿದರೆ ಅಪ್ಪ ಒಲೆಯ ಮಗ್ಗುಲಿಗೇ ಬೆನ್ನು ಮಾಡಿ ಕೂತು ಪೇಪರು ಓದುತ್ತಿದ್ದಾನೆ.

"ಅಪ್ಪಾ, ವಾಸನಿ ಬರಲಿಲ್ಲೇನು?"

"ನನಗ ಹಾಲಿನ ಕಾವಲಿಗೆ ಇಟ್ಟೀರೇನು?" ಎಂದು ಗದರಿದ. ಆದರೆ ಮುಖ ಬಿಳಿಚಿತ್ತು. ಅವ್ವ ನಳದಿಂದ ಬರುವ ಮೊದಲೇ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ, "ಸುಮ್ಮಿ, ನಿಮ್ಮವ್ವಗೂ ಹೇಳಬ್ಯಾಡ. ಸಾವಕಾರಗ ತಿಳಿದ್ರ ನನ್ನ ಮಾತಿಗೆ ಏನ ಕಿಮ್ಮತ್ತು ಉಳಿತದ?" ಎಂದ.

ಅಂದಿನಿಂದ ಅಪ್ಪ ಅಂದಾಜಿನಲ್ಲೇ ನಡೆಸಿಕೊಂಡು ಬಂದಿದ್ದ. ಹೊಸಿಲ ಮೇಲೆ ಇರುವೆ ಹರಿದಾಡುತ್ತಿದ್ದರೆ ಗ್ಯಾಸು ಹೋಗಿದೆ ಎನ್ನುವುದು, ಅನುಮಾನವಾದರೆ ಇನ್ನೊಂದು ದಿನ ತಳ್ಳುವುದು. ಕಳೆದ ಸಲ ಗೋದಾಮು ತೆರೆದ ದಿನ ಮನೆಗೆ ಬಂದವನೇ ವಾಂತಿ ಮಾಡಿಕೊಂಡು, ತಲೆ ಸಿಡಿಯುತ್ತದೆಂದು ಮಲಗಿದ. ಬಿಸಿಲಿಗೆ ಪಿತ್ತ ಏರಿದೆ ಎಂದ. ಅವ್ವ ಪಾನಕ ಮಾಡಿಕೊಟ್ಟಳು. ನಾನು ಮಾತ್ರ ಆ ರಾತ್ರಿ ನಿದ್ದೆ ಮಾಡಲಿಲ್ಲ. ಮುಂದಿನ ಸಲ ಗೋದಾಮು ತೆರೆಯುವಷ್ಟರಲ್ಲಿ ನಮ್ಮ ಡಬ್ಬಿಯ ಮೂಗು ತಯಾರಾಗಬೇಕು. ನನ್ನ ಮಟ್ಟಿಗೆ ಮೇಡಂ ಅವರ ಸಂಶೋಧನೆಯ ಗುರಿ ಅಷ್ಟೇ ಆಗಿತ್ತು.

ಆದರೆ ತಂತಿಗಳು ಬೆಳೆಯುತ್ತಿರಲಿಲ್ಲ. ಹತ್ತು ಸಲ ಕಾಯಿಸಿದರೆ ಒಂಬತ್ತು ಸಲ ಹಪ್ಪಳ. ಒಂದು ಸಲ, ಏಕೆಂದು ತಿಳಿಯದೆ, ಮಖಮಲ್. ನಾನು ತೊಳೆಯುವುದರಲ್ಲೇ ತಪ್ಪುತ್ತಿದ್ದೇನೆಂದು ನನಗೆ ಖಾತ್ರಿಯಾಗಿತ್ತು. ಎರಡೆರಡು ಸಲ ತೊಳೆದೆ. ಕೈಗವಸಿನ ಮೇಲೆ ಕೈಗವಸು ಹಾಕಿದೆ. ಕುಲುಮೆಯ ಮುಂದೆ ಉಸಿರು ಬಿಗಿ ಹಿಡಿದು ನಿಂತೆ. ಮೇಡಂ ಅದನ್ನು ನೋಡಿ, "ಉಸಿರಾಡವ್ವಾ, ನೀ ಬಿದ್ದಗಿದ್ದೀ!" ಎಂದರು. ಏನು ಮಾಡಿದರೂ ಹಪ್ಪಳವೇ.

ಒಂದು ಸಂಜೆ ಕುಲುಮೆಯಿಂದ ತೆಗೆದ ಪಟ್ಟಿ ಮಖಮಲ್ಲಾಗಿತ್ತು. ಮೇಡಂ ಖುಷಿಯಲ್ಲಿ ನನ್ನ ಬುತ್ತಿಯ ಡಬ್ಬಿ ತೆರೆದು ಉಳಿದಿದ್ದ ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡರು. ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

"ಸುಮಂಗಲಾ, ಹೋದ ಸಲ ಛಲೋ ಬಂದಾಗನೂ ನಾ ನಿಮ್ಮ ಮನಿ ಹೋಳಿಗಿ ತಿಂದಿದ್ದೆ. ಅದರ ಹಿಂದಿನ ಸಲನೂ."

"ಹೌದೇನ್ರಿ?"

"ಹೌದು. ತಂತಿ ಛಲೋ ಬಂದ ದಿನ ಹೋಳಿಗಿ. ಹೋಳಿಗಿ ಇದ್ದ ದಿನ ತಂತಿ."

ನಗಬೇಕೋ ಹೆದರಬೇಕೋ ತಿಳಿಯಲಿಲ್ಲ. ಹೂರಣದ ಬೆಲ್ಲ ನನ್ನ ಬೆರಳಿಗಂಟಿ ತಾಮ್ರಕ್ಕೆ ಹತ್ತುತ್ತಿದೆಯೋ ಎಂದು ನನ್ನ ಚಿಂತೆ. ಮೇಡಂ ವಿಜ್ಞಾನಿ; ಅನುಮಾನ ಬಂದ ಮೇಲೆ ಪರೀಕ್ಷೆ ಮಾಡದೆ ಬಿಡುವವರಲ್ಲ. ನಾಳೆಯೇ ಹೋಳಿಗೆ ಕಟ್ಟಿಸಿಕೊಂಡು ಬಾ ಎಂದರು. ಮನೆಯಲ್ಲಿ ಹೇಳಿದಾಗ ಅವ್ವ, "ಅಮಾಸಿ ಇವತ್ತಿಗೆ ಮುಗೀತಲ್ಲ, ನಾಳಿಗೆ ಯಾಕ ಹೋಳಿಗಿ?" ಎಂದಳು. ಅವ್ವ ಸಾಬಮ್ಮ ಚಿಂಚೋಳಿ ಕಡೆಯವಳು, ಅಮಾವಾಸ್ಯೆಗೊಮ್ಮೆ ಹೋಳಿಗೆ ತಪ್ಪಿಸುವುದಿಲ್ಲ. ಹಾಗೆಯೇ ಬೇರೆ ದಿನ ಮಾಡುವುದೂ ಇಲ್ಲ. ಕಾಲೇಜಿನ ಕೆಲಸಕ್ಕೆ ಬೇಕು ಎಂದೆ. "ಕಾಲೇಜಿನಾಗ ಏನ ಕಲಸ್ತಾರವ್ವಾ ನಿಮಗ?" ಎನ್ನುತ್ತಲೇ ಬೇಳೆ ಬೇಯಲು ಇಟ್ಟಳು.

ಮರುದಿನ ಹೋಳಿಗೆ ಇತ್ತು, ತುಪ್ಪ ಇತ್ತು, ಕುಲುಮೆಯಿಂದ ಹಪ್ಪಳ ಬಂತು.

"ಅದು ಅಮಾಸಿ ಹೋಳಿಗಿ ಅಲ್ಲಲ್ಲ, ಹ್ಯಾಂಗ ಬರ್ತದ?" ಎಂದಳು ಅವ್ವ, ಸಂಜೆ ನಾನು ಹೇಳಿದಾಗ. ಅದನ್ನು ನಾನು ಮೇಡಂಗೆ ಹೇಳಬಾರದಾಗಿತ್ತು. ಹೇಳಿದೆ. ಮೇಡಂ ಕುರ್ಚಿಯಿಂದ ಎದ್ದು ನಿಂತರು.

"ಅಂದ್ರ ಛಲೋ ಬಂದದ್ದೆಲ್ಲಾ ಅಮಾಸಿ ದಿನ! ನಾ ಈಗ ಏನಂತ ಬರೀಲಿ ಪೇಪರಿನಾಗ? ತಾಮ್ರವನ್ನು ಅಮಾವಾಸ್ಯೆಯ ದಿನ ಕಾಸತಕ್ಕದ್ದು ಅಂತ ಬರೀಲೇನು? ಜಗತ್ತಿನ ವಿಜ್ಞಾನಿಗಳು ನನ್ನ ಕೈಗೆ ತಾಯತ ಕಟ್ಟಿ ಕಳಸ್ತಾರ!"

ಮುಂದಿನ ಅಮಾವಾಸ್ಯೆಗೆ ಅವ್ವ ತನ್ನ ತಮ್ಮನ ಮಗಳ ನಿಶ್ಚಯದ ತಯಾರಿಗೆಂದು ಚಿಂಚೋಳಿಗೆ ಹೋಗಿದ್ದಳು. ನನ್ನ ಡಬ್ಬಿಯಲ್ಲಿ ಬರೀ ರೊಟ್ಟಿ, ಪುಂಡಿಪಲ್ಯ. ಮೇಡಂ ಮುಖ ಗಂಟು ಹಾಕಿಕೊಂಡೇ ಕುಲುಮೆಗೆ ಪಟ್ಟಿ ಇಟ್ಟರು. ಕೆಟ್ಟೇ ಬರಲಿ ಎಂದು ಹರಸುವವರಂತೆ. ಸಂಜೆಯ ಹೊತ್ತಿಗೆ ತೆಗೆದರೆ ಅಂಚಿನಿಂದ ಅಂಚಿಗೆ ಮಖಮಲ್. ಅಷ್ಟು ಚೆನ್ನಾಗಿ ಹಿಂದೆಂದೂ ಬಂದಿರಲಿಲ್ಲ.

"ಸುಮಂಗಲಾ, ಚಿಮಟಾ ತಗೊಂಬಾ!" ಎಂದು ಮೇಡಂ ಕೂಗಿದರು. ಆ ಕೂಗು ಗೋಡೆಗೆ ಬಡಿದು, ಹೊರಗೆ ಕಟ್ಟೆಯ ಮೇಲಿದ್ದ ಕಾಗೆ ಹಾರಿಹೋಯಿತು. ನಾನು ಪಕ್ಕದಲ್ಲೇ ನಿಂತಿದ್ದೆ.

"ಇಲ್ಲೇ ಇದ್ದೀನ್ರೀ ಮೇಡಂ. ಯಾಕ ಒದರಾಕತ್ತೀರಿ?"

"ದಿನಾ ಒದರ್ತೀನಲ್ಲ. ಇಲ್ಲಿ ಒದರದ ಯಾರಿಗೆ ಏನ ಕೇಳಸ್ತದ?" ಎಂದವರು ತಟ್ಟನೆ ಕಿಟಕಿಯತ್ತ ಕಿವಿಗೊಟ್ಟರು. ಕೋಣೆಯಲ್ಲಿ ಗಡಿಯಾರದ ಸದ್ದು ಕೇಳುತ್ತಿತ್ತು.

ನಮ್ಮ ಕಾಲೇಜಿನ ಹಿಂದಿನ ಗೋಡೆಗೆ ಹತ್ತಿದಂತೆ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ದು ಪಾಲಿಷ್ ಮಾಡುವ ಕಾರ್ಖಾನೆಗಳ ಸಾಲಿದೆ. ಬೆಳಗಿನಿಂದ ಸಂಜೆಯವರೆಗೆ ಅವುಗಳ ಗರಗಸ ಕಿರುಚುತ್ತದೆ, ನೆಲ ಜುಮುಗುಡುತ್ತದೆ, ಕಿಟಕಿಯ ಮೇಲೆ ಬಿಳಿ ಧೂಳು ಕೂರುತ್ತದೆ, ದೊಡ್ಡ ಮೋಟಾರು ಶುರುವಾದಾಗ ನಮ್ಮ ದೀಪ ಮಂಕಾಗುತ್ತದೆ. ನಮ್ಮ ಕಡೆ ಕಲ್ಲಿನ ಕೆಲಸದವರು ಅಮಾವಾಸ್ಯೆಯ ದಿನ ಉಳಿ, ಗರಗಸ ಮುಟ್ಟುವುದಿಲ್ಲ. ಭಾನುವಾರಕ್ಕೆ ಇಲ್ಲದ ಸೂಟಿ ಅಮಾವಾಸ್ಯೆಗೆ ಇದೆ. ರಾತ್ರಿಯೂ ಭಾನುವಾರವೂ ಕಾಲೇಜಿಗೆ ಬೀಗ, ಅಮಾವಾಸ್ಯೆಗೆ ಕಾರ್ಖಾನೆಗೆ ಬೀಗ. ಇದು ನಮಗೆ ತೀರ ಸಹಜ, ಹೊರಗಿನವರಾಗಿದ್ದರೆ ಒಂದೇ ತಿಂಗಳಲ್ಲಿ ಹಿಡಿಯುತ್ತಿದ್ದರು. ಈ ಸೀಮೆಯಲ್ಲೇ ಹುಟ್ಟಿದ ನಾವಿಬ್ಬರೂ ಬೆಲ್ಲ, ಬೇಳೆ, ಚಂದ್ರ ಎಲ್ಲವನ್ನೂ ಅನುಮಾನಿಸಿ ಆ ಮೌನವನ್ನು ಬಿಟ್ಟಿದ್ದೆವು.

ಮೇಡಂ ನೆಲದ ಮೇಲೆಯೇ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಕುಲುಮೆ ಅಲುಗದಿರುವುದಕ್ಕೋ, ಕರೆಂಟು ಏರಿಳಿಯದಿರುವುದಕ್ಕೋ, ಧೂಳು ಇಲ್ಲದಿರುವುದಕ್ಕೋ ಎಂದು ಬಿಡಿಸಿ ನೋಡಬೇಕು, ಅದಕ್ಕೆ ವರ್ಷ ಹಿಡಿಯುತ್ತದೆ ಎಂದರು.

ಆ ದಿನದ ಪಟ್ಟಿಗಳೆಲ್ಲ ಹೈದರಾಬಾದಿನ ಒಂದು ಪ್ರಯೋಗಾಲಯಕ್ಕೆ ಹೋದವು. ಅಲ್ಲಿ ಅಳತೆ ಮಾಡಿದ ಗ್ಯಾಸು ಹಾಯಿಸಿ, ಎಷ್ಟು ಗ್ಯಾಸಿಗೆ ಅಂಕಿ ಎಷ್ಟು ಏರುತ್ತದೆ ಎಂಬ ಲೆಕ್ಕ ಕೊಟ್ಟರು. ಲೆಕ್ಕ ಬಂತು, ಪಟ್ಟಿಗಳು ಅಳತೆಯಲ್ಲೇ ತೀರಿದವು. ಡಬ್ಬಿ ಇದೆ, ಲೆಕ್ಕ ಇದೆ, ಮೂಗೇ ಇಲ್ಲ. ಅದೇ ವಾರ ಅಪ್ಪ ಊಟದ ಹೊತ್ತಿಗೆ, "ಬರೋ ಸೋಮವಾರ ಗೋದಾಮ ತೆಗಿತಾರ. ಸಾವಕಾರಗ ಭಾಳ ಗಡಬಿಡಿ ಅದ" ಎಂದ. ಮುಂದಿನ ಅಮಾವಾಸ್ಯೆ ಇನ್ನೂ ದೂರವಿತ್ತು.

ಕಾರ್ಖಾನೆಗಳ ಸಾಲಿನಲ್ಲಿ ದೊಡ್ಡದು ಮುಸರತ ಆಪಾರದು. ಗಂಡ ತೀರಿಕೊಂಡ ಮೇಲೆ ಅವರೇ ನಡೆಸುತ್ತಾರೆ. ಅವರ ರಾಡಿ ನೀರು ಕಾಲೇಜಿನ ಅಂಗಳಕ್ಕೆ ಬಂದಾಗಿನಿಂದ ಅವರಿಗೂ ಮೇಡಂಗೂ ಮಾತಿಲ್ಲ. ಅದಕ್ಕೆ ನಾನೇ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ಅವರನ್ನು ನೋಡಿದೊಡನೆ ಮರೆತೆ.

ಆಪಾ ಕಲ್ಲಿನ ಚಪ್ಪಡಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

"ಬಾ ಬೇಟಿ, ಕುಂದ್ರು. ಏನು, ಮತ್ತ ನಮ್ಮ ನೀರ ನಿಮ್ಮ ಅಂಗಳಕ್ಕ ಬಂತೇನು?"

"ಇಲ್ರಿ ಆಪಾ. ನಾಳಿ ಒಂದಿನ ಮಷೀನ್ ಬಂದ್ ಇಡ್ರಿ ಅಂತ ಕೇಳಾಕ ಬಂದೀನ್ರಿ."

"ಯಾಕ, ನಿಮ್ಮ ಮೇಡಂಗ ತಲಿ ನೋಯಾಕತ್ತದೇನು?"

"ತಂತಿ ಬೆಳಸಬೇಕ್ರಿ."

"ಬೆಳಸಬೇಕು? ಜ್ವಾಳ ಬೆಳದಂಗ?"

"ಹಂಗೇ ಅನ್ರಿ. ತಾಮ್ರದ ಮ್ಯಾಲ."

ಆಪಾ ಪಕ್ಕದಲ್ಲಿದ್ದ ಮೇಸ್ತ್ರಿಯತ್ತ ತಿರುಗಿದರು. "ಕೇಳಿದಿ ಏನೋ ಚನ್ನು? ನಾವು ಕಲ್ಲ ಕೊಯ್ಯೋದು ಬಂದ್ ಮಾಡ್ಬೇಕಂತ, ಇವರು ತಾಮ್ರದಾಗ ರಾಶಿ ಮಾಡ್ತಾರಂತ." ಮತ್ತೆ ನನಗೆ, "ಮಾಲು ಲಾರಿಗೆ ಹೋಗೋದದ ಬೇಟಿ. ಆಗಂಗಿಲ್ಲ. ಚಹಾ ಕುಡಿ, ಹೋಗು" ಎಂದರು.

ಚಹಾ ಕುಡಿದೆ. ಎದ್ದು ಹೋಗಬೇಕಿತ್ತು, ಕಾಲು ಏಳಲಿಲ್ಲ. ಅವ್ವನಿಗೂ ಹೇಳದ ಮಾತನ್ನು ಅಲ್ಲಿ, ಬಿಳಿ ರಾಡಿಯ ನಡುವೆ ಕೂತು ಹೇಳಿಬಿಟ್ಟೆ. ಅಪ್ಪನ ಮೂಗು ಹೋದದ್ದು, ಇರುವೆ ನೋಡಿ ಬಾಗಿಲು ತೆಗೆಸುವುದು, ವಾಂತಿ, ಬರುವ ಸೋಮವಾರ ಎಲ್ಲವನ್ನೂ. ಚನ್ನುವಿಗೆ ಕೇಳದಿರಲೆಂದು ಮೆಲ್ಲಗೆ ಹೇಳಿದೆ. ಗರಗಸದ ಸದ್ದಿನಲ್ಲಿ ಆಪಾಗೂ ಕೇಳಲಿಲ್ಲ. ಹೀಗಾಗಿ ಎರಡನೆಯ ಸಲ ಒದರಿಯೇ ಹೇಳಬೇಕಾಯಿತು.

ಆಪಾ ಕಪ್ಪು ಕೆಳಗಿಟ್ಟರು.

"ನನ್ನ ಮೂಗೂ ಹೋಗಿತ್ತು" ಎಂದರು. "ಆ ಜ್ವರದಾಗೇ. ಯಾರಿಗೂ ಹೇಳಿದ್ದಿಲ್ಲ. ಬೀಗರು ಊಟಕ್ಕ ಬಂದಾಗ ಹಳಸಿದ ಸಾಲನ್ ಬಡಿಸೀನಿ. ಅವರೂ ಮರ್ಯಾದಿ ಮಂದಿ, ಭಾಳ ಛಲೋ ಆಗೇದ ಅಂತ ಉಂಡರು. ಮರುದಿನ ಇಡೀ ಮನಿ ಆಸ್ಪತ್ರಿಗೆ!" ಅವರು ನಕ್ಕ ನಗುವಿಗೆ ನನಗೂ ನಗು ಬಂತು. ನಗುತ್ತಲೇ ತಿರುಗಿ, "ಚನ್ನು! ನಾಳಿ ಅಮಾಸಿ" ಎಂದರು.

"ನಾಳಿ ಚೌತಿ ಅದರೀ ಆಪಾ."

"ನಾ ಅಮಾಸಿ ಅಂದೆ. ಸೂಟಿ ಬೇಕೋ ಬ್ಯಾಡೋ?"

"ಅಮಾಸೀನೇ ಇರಬೇಕ್ರಿ. ನಾನೇ ತಪ್ಪ ನೋಡೀನಿ" ಎಂದ ಚನ್ನು, ಮುಖ ಅರಳಿಸಿಕೊಂಡು.

ಉಳಿದ ಕಾರ್ಖಾನೆಗಳಿಗೆ ಆಪಾ ಫೋನು ಹಚ್ಚಿದರು. ಪಕ್ಕದ ಕಾರ್ಖಾನೆಯವನು ಸುಲಭಕ್ಕೆ ಒಪ್ಪಲಿಲ್ಲ. "ಯಾವ ಹಬ್ಬ ಅಂದ್ರ? ಮೂಗಿನ ಹಬ್ಬ! ನಿನಗ ಮೂಗು ಅದ ಇಲ್ಲೋ? ಇದ್ರ ಬಂದ್ ಮಾಡು" ಎಂದು ಆಪಾ ಬೈದದ್ದು ನನಗೆ ಕೇಳಿಸಿತು. ಮರುದಿನ ಇಡೀ ಸಾಲಿನಲ್ಲಿ ಒಂದು ಗರಗಸವೂ ತಿರುಗಲಿಲ್ಲ. ಮೇಡಂ ಇಡೀ ದಿನ ಪಿಸುಮಾತಿನಲ್ಲೇ ಮಾತನಾಡಿದರು, ತಂತಿಗಳಿಗೆ ಎಚ್ಚರವಾದೀತೆಂಬಂತೆ. ಸಂಜೆ ದೋಣಿ ಹೊರಗೆ ಬಂದಾಗ ಅದರಲ್ಲಿದ್ದುದು ಮಖಮಲ್.

ಸೋಮವಾರ ನಾವಿಬ್ಬರೂ ಡಬ್ಬಿ ಹಿಡಿದುಕೊಂಡು ಚಿತ್ತಾಪುರಕ್ಕೆ ಹೋದೆವು. ಕಾಲೇಜಿನವರು ಏನೋ ಪರೀಕ್ಷೆಗೆ ಬರುತ್ತಾರೆಂದು ಮೇಡಂ ಮೊದಲೇ ಸಾವಕಾರರಿಗೆ ಹೇಳಿದ್ದರು. ಗುರುಲಿಂಗಯ್ಯನವರು ಹಣೆ ತುಂಬ ವಿಭೂತಿ ಧರಿಸಿ, ಬಿಳಿ ಅಂಗಿಯಲ್ಲಿ ಬಾಗಿಲಿಗೇ ಬಂದು, "ಬರ್ರಿ ಬರ್ರಿ, ನಮ್ಮ ಜಗದೇವಪ್ಪನ ಮಗಳು ಅಂದ್ರ ನಮ್ಮ ಮನಿ ಮಗಳೇ" ಎಂದರು. ಗೋದಾಮಿನ ಮುಂದೆ ಹಮಾಲರು ಗುಂಪಾಗಿ ನಿಂತಿದ್ದರು. ಅಪ್ಪ ನನ್ನನ್ನು ನೋಡಿ ಹಿಗ್ಗಿದ. ಡಬ್ಬಿ ನೋಡಿ ಕುಗ್ಗಿದ.

ಮೊದಲು ಅಪ್ಪನ ಸರದಿ. ಅವನು ಹೆಗಲ ಮೇಲಿನ ಟವೆಲು ಸರಿಪಡಿಸಿಕೊಂಡು, ಬಾಗಿಲ ಸಂದಿಗೆ ಬಾಗಿ, ಕಣ್ಣು ಮುಚ್ಚಿ ಉಸಿರೆಳೆದ. ಅದೊಂದು ಪೂಜೆಯ ಹಾಗಿತ್ತು. ಹೊಸಿಲ ಮೇಲೆ ಇರುವೆಗಳ ಸಾಲು ಇದ್ದುದನ್ನು ನಾನೂ ನೋಡಿದೆ, ಅಪ್ಪನೂ ನೋಡಿದ್ದ.

"ಆತ್ರಿ ಸಾವಕಾರ್ರ. ತೆಗೀಬಹುದು" ಎಂದ.

ಮೇಡಂ ಎಲ್ಲರನ್ನೂ ದೂರ ನಿಲ್ಲಿಸಿ, ಉದ್ದನೆಯ ಸಣ್ಣ ಕೊಳವೆಯನ್ನು ಸಂದಿಯಲ್ಲಿ ತೂರಿಸಿ, ಪುಟ್ಟ ಪಂಪು ಹಚ್ಚಿದರು. ಡಬ್ಬಿಯ ಅಂಕಿ ಮೊದಲು ಸುಮ್ಮನೆ ಕೂತಿತ್ತು. ಪಟ್ಟಿ ತೊಳೆಯುವಾಗ ಏನಾದರೂ ಬಿಟ್ಟೆನೇ, ಬಿಲ್ಲೆ ಸರಿ ಕೂತಿದೆಯೇ ಎಂದು ಮನಸ್ಸು ಓಡುತ್ತಿತ್ತು. ಅಷ್ಟರಲ್ಲಿ ಅಂಕಿ ಅಲುಗಿತು. ಮೆಲ್ಲಗೆ ಏರಿತು, ಏರುತ್ತಲೇ ಹೋಯಿತು, ಹೈದರಾಬಾದಿನವರು ಕೆಂಪು ಗುರುತು ಹಾಕಿದ ಕಡೆಯನ್ನೂ ದಾಟಿತು.

"ಬಾಗಲಾ ತೆಗಿಬ್ಯಾಡ್ರಿ. ಒಳಗ ಗ್ಯಾಸ್ ಅದ" ಎಂದರು ಮೇಡಂ.

ಗುರುಲಿಂಗಯ್ಯನವರು ಮೃದುವಾಗಿ ನಕ್ಕರು. "ಮೇಡಂ, ನಿಮ್ಮ ಡಬ್ಬಿ ನಿನ್ನೆ ಹುಟ್ಟಿದ ಕೂಸು. ಇದು ನಮ್ಮ ಅಪ್ಪಾರ ಕಾಲದಿಂದ ನಂಬಿದ ಮೂಗು. ಏನ್ ಜಗದೇವಪ್ಪ?"

ಅಪ್ಪ ಸಾವಕಾರರ ಮುಖ ನೋಡಲಿಲ್ಲ, ನನ್ನ ಮುಖ ನೋಡಿದ.

"ಸುಮ್ಮಿ, ಈ ಡಬ್ಬಿ ಖರೇನೇ ಹೇಳ್ತದೇನವ್ವಾ?"

ಹೌದು ಎನ್ನಬೇಕಿತ್ತು. ಮೇಡಂ ನನ್ನತ್ತ ನೋಡುತ್ತಿದ್ದರು, ಹಮಾಲರೆಲ್ಲ ನೋಡುತ್ತಿದ್ದರು. ನನ್ನ ಬಾಯಿಗೆ ಬಂದದ್ದು ಬೇರೆ.

"ಗೊತ್ತಿಲ್ಲಪ್ಪಾ. ಇದೇ ಮೊದಲನೇ ಸಲ. ತಪ್ಪೂ ಇರಬಹುದು. ಆದ್ರ ನೀ ಮಾತ್ರ ಒಳಗ ಹೋಗಬ್ಯಾಡ."

ಅಪ್ಪ ಟವೆಲನ್ನು ಹೆಗಲಿನಿಂದ ತೆಗೆದು ಮುಖ ಒರೆಸಿಕೊಂಡ.

"ನನಗೂ ಗೊತ್ತಿಲ್ರೀ ಸಾವಕಾರ್ರ" ಎಂದ. "ನನಗ ವಾಸನಿ ಬರಂಗಿಲ್ಲ. ಆ ಜ್ವರ ಬಂದಾಗಿಂದ."

ಅಪ್ಪನ ಮಾತಿನ ಕಿಮ್ಮತ್ತು ಅಲ್ಲೇ ನೆಲದ ಮೇಲೆ ಬಿದ್ದುಹೋಯಿತೆಂದುಕೊಂಡೆ. ಹಿಂದಿನಿಂದ ಹರೆಯದ ಹಮಾಲ ಅಂಬರೇಶ ಮುಂದೆ ಬಂದ.

"ಹಂಗಾರ 'ನಿನ್ನ ಸೆಂಟ್ ಭಾಳ ಛಲೋ ಅದ' ಅಂತ ಮೊನ್ನೆ ಅಂದ್ಯಲ್ಲ ಕಾಕಾ?"

"ನಿನಗ ಬ್ಯಾಸರ ಆಗಬಾರದಂತ ಅಂದೆ."

"ನಾ ಆ ಬಾಟ್ಲಿ ಇನ್ನೊಂದ ತಂದೀನೋ ಕಾಕಾ!"

"ಅದಕ್ಕೇ ನಿನ್ನ ಮಗ್ಗಲಕ ಯಾರೂ ಕೂಡಂಗಿಲ್ಲ" ಎಂದ ಇನ್ನೊಬ್ಬ. "ಕಾಕಾ ಒಬ್ಬಾಂವ ಯಾಕ ಕೂಡ್ತಾನ ಅಂತ ಈಗ ತಿಳೀತು."

ಎಲ್ಲರೂ ನಕ್ಕರು, ಅಪ್ಪನೂ ನಕ್ಕ. ನಗದವರು ಗುರುಲಿಂಗಯ್ಯನವರೊಬ್ಬರೇ. ಅವರ ಬಾಯಿ ತೆರೆದೇ ಇತ್ತು. "ಜಗದೇವಪ್ಪ, ಹೋದ ಸಲ ನಾನೂ ನಿನ್ನ ಹಿಂದೇ ಒಳಗ ಬಂದಿದ್ದೆನಲ್ಲೋ" ಎಂದರು. "ಮನಿಗಿ ಹೋಗಿ ಎರಡ ದಿನ ತಲಿ ಎತ್ತಲಿಲ್ಲ. ನಮ್ಮಾಕಿ ಮಾಡಿದ ಬದ್ನಿಕಾಯಿ ಪಲ್ಯಕ್ಕ ಬೈದೆ. ಪಾಪ, ಅಕಿ ಅವತ್ತಿಂದ ಬದ್ನಿಕಾಯಿ ಮನಿಯೊಳಗ ತಂದಿಲ್ಲ!"

ಈ ಸಲ ನಗು ರಸ್ತೆಯವರೆಗೂ ಕೇಳಿಸಿತು. ಹೀಗೆ ಒಂದು ಬದನೆಕಾಯಿಗೂ ಅಂದು ನ್ಯಾಯ ಸಿಕ್ಕಿತು.

ಆಮೇಲೆ ಆದದ್ದು ಸರಳ. ಹಮಾಲರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮುಂದಾದರು. ಬಟ್ಟೆ ಗ್ಯಾಸನ್ನು ತಡೆಯುವುದಿಲ್ಲ ಎಂದು ಮೇಡಂ ಗದರಿ ಹಿಂದಕ್ಕೆ ಕಳಿಸಿದರು. ಗುಳಿಗೆ ಇಟ್ಟ ಕಂಪನಿಯವರನ್ನು ಕರೆಸಿದರು. ಅವರು ತಮ್ಮ ಮುಖವಾಡ ಹಾಕಿಕೊಂಡು ಬಾಗಿಲು ತೆರೆದು, ಫ್ಯಾನು ಹಚ್ಚಿಟ್ಟು ಹೋದರು. ಅಂಕಿ ಇಳಿದು ನೆಲಕ್ಕೆ ಬರುವವರೆಗೆ ಯಾರೂ ಒಳಗೆ ಹೋಗಲಿಲ್ಲ. ಲಾರಿ ತಡವಾಗಿ ಹೋಯಿತು. ಮೇಡಂ ಒಂದು ನಿಯಮ ಹಾಕಿಕೊಟ್ಟಿದ್ದಾರೆ: ನಮ್ಮ ಡಬ್ಬಿ 'ಹೋಗಬೇಡಿ' ಎನ್ನಬಹುದು, 'ಹೋಗಿ' ಎನ್ನುವ ಅಧಿಕಾರ ಅದಕ್ಕಿಲ್ಲ. ಅದನ್ನು ಕಂಪನಿಯವರೇ ಬಂದು, ತಮ್ಮ ಉಪಕರಣದಿಂದ ನೋಡಿ ಹೇಳಬೇಕು.

ಅಪ್ಪ ಇನ್ನೂ ಮುಕಾದಮನೇ. ಸಾವಕಾರರು ಡಬ್ಬಿಯನ್ನು ಬೇರೆ ಯಾರ ಕೈಗೂ ಕೊಡಲಿಲ್ಲ. "ನನಗ ಗೊತ್ತಿಲ್ಲ ಅನ್ನೋ ಮನಷ್ಯಾನ ಕೈಯಾಗೇ ಇರ್ಲಿ" ಎಂದರಂತೆ. ಅಪ್ಪ ಅದನ್ನು ಟವೆಲಿನಲ್ಲಿ ಸುತ್ತಿ ಎಳೆಗೂಸಿನಂತೆ ಎತ್ತಿಕೊಂಡು ಹೋಗುತ್ತಾನೆ. ಮನೆಯಲ್ಲಿ ಅವ್ವನಿಗೆ ವಿಷಯ ಗೊತ್ತಾದ ದಿನ ಅವಳು ಎರಡು ಹೊತ್ತು ಮಾತಾಡಲಿಲ್ಲ. ಮೂರನೆಯ ಹೊತ್ತಿಗೆ, "ಅಂದ್ರ ಇಷ್ಟ ದಿನ ನನ್ನ ಪುಂಡಿಪಲ್ಯ ಗಮ್ ಅಂತದ ಅಂದದ್ದೂ ಸುಳ್ಳೇನು?" ಎಂದು ಕೇಳಿದಳು. ಅಪ್ಪ ಡಬ್ಬಿ ಒರೆಸುತ್ತ ಕೂತ.

ಇಷ್ಟು ನನಗೆ ಗೊತ್ತಿರುವುದು. ಗೊತ್ತಿಲ್ಲದ್ದೂ ಹೇಳಬೇಕು. ಕಾರ್ಖಾನೆ ನಿಂತ ದಿನ ತಂತಿಗಳು ಬೆಳೆಯುವುದು ನೆಲ ಅಲುಗದ್ದಕ್ಕೋ, ಕರೆಂಟಿಗೋ, ಧೂಳಿಗೋ ಎಂದು ಮೇಡಂ ಇನ್ನೂ ಬಿಡಿಸುತ್ತಿದ್ದಾರೆ, ತಿಳಿದಿಲ್ಲ. ಆ ಸೋಮವಾರ ಗೋದಾಮಿನಲ್ಲಿದ್ದ ಗ್ಯಾಸು ಒಬ್ಬ ಮನುಷ್ಯನನ್ನು ಕೆಡವುವಷ್ಟಿತ್ತೇ ಎಂಬುದೂ ತಿಳಿದಿಲ್ಲ. ಒಳಗಿನ ತೇವಕ್ಕೂ ನಮ್ಮ ಅಂಕಿ ತುಸು ಏರುತ್ತದೆ. ಆ ಹೊತ್ತಿನಲ್ಲಿ ಹೋಲಿಸಿ ನೋಡಲು ಅಲ್ಲಿ ಬೇರೆ ಉಪಕರಣ ಇರಲಿಲ್ಲ, ಕಂಪನಿಯವರೂ ಅಂದು ತಂದಿರಲಿಲ್ಲ. ತೇವಕ್ಕೆ ಅಷ್ಟು ಏರುವುದಿಲ್ಲ ಎಂದು ಮೇಡಂ ಹೇಳುತ್ತಾರೆ. ಹೇಳುವಾಗ 'ಬಹುಶಃ' ಎಂಬ ಮಾತನ್ನು ಬಿಡುವುದಿಲ್ಲ. ಅಪ್ಪ ಅಂದು ಒಳಗೆ ಹೋಗಿದ್ದರೆ ಏನಾಗುತ್ತಿತ್ತು ಎಂದು ನನಗೆ ಗೊತ್ತಿಲ್ಲ.